ಎಂಟು ಸಾವಿರ ಉಳಿಸಿಕೊಟ್ಟ ಪಾಲಿಸಿ

ಧ್ವನಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ.

ನಾನು ಹುಬ್ಬಳ್ಳಿಯವನು. ಪುಣೆಗೆ ಬಂದು ಹದಿನೇಳು ವರ್ಷ ಆಯ್ತು. ಮೊದಲ ಹತ್ತು ವರ್ಷ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದ್ದೆ. ಆಮೇಲೆ ಕೆಲಸ ಬಿಟ್ಟು, ಒಬ್ಬ ಗೆಳೆಯನ ಜೊತೆ ಸೇರಿ ಪಿರಂಗುಟ್ ಕಡೆ ಒಂದು ಶೆಡ್ ಬಾಡಿಗೆಗೆ ಹಿಡಿದೆ. ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಮಾಡಿ ಫ್ಲ್ಯಾಟ್‌ಗಳಿಗೆ ಕೂರಿಸೋ ಕೆಲಸ. ಇಲ್ಲಿ ಕೇಳ್ತಿರೋರಲ್ಲಿ ಕೆಲವರು ನೌಕರಿ ಜೊತೆಗೇ ಹೀಗೆ ಏನೋ ಒಂದು ನಡೆಸ್ತಿದ್ದೀರಿ ಅಂತ ನನಗೆ ಗೊತ್ತು. ಹೆಂಡತಿ ಹೆಸರಲ್ಲಿ ಕ್ಲೌಡ್ ಕಿಚನ್ ಇರಬಹುದು, ಅಣ್ಣನ ಹೆಸರಲ್ಲಿ ಪ್ರಿಂಟಿಂಗ್ ಯೂನಿಟ್ ಇರಬಹುದು. ಇವತ್ತಿನ ಮಾತು ನಿಮಗಾಗಿ.

ಕಂಪನಿಯಲ್ಲಿ ಇದ್ದಾಗ ಇನ್ಶೂರೆನ್ಸ್ ಅಂದ್ರೆ ನಮಗೆ ಏನು? ಎಚ್‌ಆರ್ ಒಂದು ಲಿಂಕ್ ಕಳಿಸ್ತಾರೆ, ಅಪ್ಪ-ಅಮ್ಮನ ಹೆಸರು ಸೇರಿಸ್ತೀವಿ, ಕಾರ್ಡ್ ಬರುತ್ತೆ. ನಾನೇ ಮಾಲೀಕ ಆದಾಗಲೂ ಅದೇ ತಲೆಯಲ್ಲಿ ಹೋದೆ. ಏಜೆಂಟ್ ಒಬ್ಬರು ಬಂದು, "ಸರ್, ಲೇಬರ್ ಇದ್ದಾರಲ್ಲ, ಡಬ್ಲ್ಯೂಸಿ ಪಾಲಿಸಿ ಮಾಡಿಸಿ" ಅಂದ್ರು. ವರ್ಕ್‌ಮೆನ್ಸ್ ಕಾಂಪೆನ್ಸೇಶನ್. ಕಾಯ್ದೆಯ ಹೆಸರಲ್ಲಿ ಆ ವರ್ಕ್‌ಮೆನ್ ಹೋಗಿ ಎಂಪ್ಲಾಯೀಸ್ ಬಂದು ಎಷ್ಟೋ ವರ್ಷ ಆಯ್ತು, ಆದರೂ ಮಾರುಕಟ್ಟೆಯಲ್ಲಿ ಇನ್ನೂ ಡಬ್ಲ್ಯೂಸಿ ಅಂತಲೇ ಕರೀತಾರೆ. ಕೆಲಸಗಾರರು ಎಷ್ಟು ಜನ, ಸಂಬಳ ಎಷ್ಟು ಅಂತ ಕೇಳಿದ್ರು. ಎಂಟು ಜನ, ಸರಾಸರಿ ಹದಿನೆಂಟು ಸಾವಿರ ಅಂದೆ. "ತಲಾ ಹತ್ತು ಸಾವಿರ ಅಂತ ತೋರ್ಸೋಣ ಸರ್, ಪ್ರೀಮಿಯಂ ಕಮ್ಮಿ ಆಗುತ್ತೆ, ಎಲ್ಲರೂ ಹಂಗೇ ಮಾಡೋದು" ಅಂದ್ರು. ವರ್ಷಕ್ಕೆ ಎಂಟು ಸಾವಿರ ಚಿಲ್ಲರೆ ಉಳೀತು. ನಾನು ಖುಷಿಯಾಗಿ ಸಹಿ ಹಾಕಿದೆ.

ಈ ಪಾಲಿಸಿ ಆರೋಗ್ಯ ವಿಮೆ ಅಲ್ಲ, ಅಪಘಾತ ವಿಮೆಯೂ ಅಲ್ಲ. ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಕೆಲಸಗಾರನಿಗೆ ಪೆಟ್ಟಾದರೆ ಅವನಿಗೆ ಪರಿಹಾರ ಕೊಡೋ ಹೊಣೆ ಕಾನೂನಿನ ಪ್ರಕಾರ ಮಾಲೀಕನದು. 1923ರ ಕಾಯ್ದೆ ಹೇಳಿದ್ದು ಅದು. ಯಾರ ತಪ್ಪು ಅನ್ನೋ ಪ್ರಶ್ನೆಯೇ ಮೊದಲಿಗೆ ಬರಲ್ಲ. ಆ ಹೊಣೆಯನ್ನ ವಿಮಾ ಕಂಪನಿ ಎಷ್ಟರ ಮಟ್ಟಿಗೆ ಹೊತ್ಕೊಳ್ಳುತ್ತೆ ಅನ್ನೋದಷ್ಟೇ ಪಾಲಿಸಿಯಲ್ಲಿ ಇರೋದು. ಪಾಲಿಸಿ ಇಲ್ಲದಿದ್ದರೆ ಹೊಣೆ ಹೋಗಲ್ಲ. ಪಾಲಿಸಿ ಅರ್ಧ ಇದ್ದರೆ ಉಳಿದ ಅರ್ಧ ನಿಮ್ಮ ತಲೆ ಮೇಲೆ. ಇದು ನನಗೆ ಗೊತ್ತಾಗಿದ್ದು 2022ರಲ್ಲಿ.

ಶನಿವಾರ ಸಾಯಂಕಾಲ. ಟೇಬಲ್ ಸಾ ಮೇಲೆ ಇದ್ದ ಹುಡುಗ ಆಳಂದ ಕಡೆಯವನು, ಇಪ್ಪತ್ತೈದು ವರ್ಷ. ಲ್ಯಾಮಿನೇಟ್‌ನ ಸಣ್ಣ ಪಟ್ಟಿ ಕೊಯ್ಯುವಾಗ ಬಲಗೈ ತೋರುಬೆರಳು ಬ್ಲೇಡಿಗೆ ಹೋಯ್ತು. ನಾನು ಆಗ ಬಾಣೇರ್‌ನಲ್ಲಿ ಒಬ್ಬ ಗ್ರಾಹಕರ ಮನೆಯಲ್ಲಿ ಅಡುಗೆಮನೆ ಅಳತೆ ತಗೊಳ್ತಿದ್ದೆ. ಆಸ್ಪತ್ರೆಗೆ ಹೋಗೋಷ್ಟರಲ್ಲಿ ಆಪರೇಷನ್ ಥಿಯೇಟರ್ ಒಳಗೆ ಕರ್ಕೊಂಡು ಹೋಗಿದ್ರು. ಎರಡು ಗೆಣ್ಣು ಹೋದವು.

ಅವತ್ತು ರಾತ್ರಿ ನನ್ನ ಪಾಲುದಾರ ಒಂದು ಮಾತು ಹೇಳಿದ. ಆಸ್ಪತ್ರೆ ಬಿಲ್ ನಾವು ಕಟ್ಟೋಣ, ಕೈಗೆ ಐವತ್ತು ಸಾವಿರ ಕೊಡೋಣ, ಬಾಂಡ್ ಪೇಪರ್ ಮೇಲೆ 'ಪೂರ್ತಿ ಹಣ ಮುಟ್ಟಿದೆ, ಮುಂದೆ ಏನೂ ಕೇಳಲ್ಲ' ಅಂತ ಬರೆಸಿಕೊಳ್ಳೋಣ ಅಂತ. ಅವನು ಕೆಟ್ಟವನಲ್ಲ. ಆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಶೆಡ್‌ಗಳು ನಡೆಯೋದೇ ಹಾಗೆ. ಜೊತೆಗೆ ಇನ್ನೊಂದು ಪಾಯಿಂಟ್ ಹಾಕಿದ: ಬ್ಲೇಡ್ ಗಾರ್ಡ್ ತೆಗೆದಿದ್ದು ಅವನೇ ಅಲ್ವಾ, ತಪ್ಪು ಅವನದೇ.

ಕಾನೂನಿನಲ್ಲಿ ಆ ವಿನಾಯಿತಿ ಇದೆ, ನಿಜ. ರಕ್ಷಣೆಗೆ ಇರೋ ಸಾಧನ ಅಂತ ಗೊತ್ತಿದ್ದೂ ಕೆಲಸಗಾರ ಬೇಕಂತಲೇ ತೆಗೆದಿದ್ದರೆ, ಕುಡಿದಿದ್ದರೆ, ಸ್ಪಷ್ಟ ಆದೇಶ ಮೀರಿದ್ದರೆ ಮಾಲೀಕ ತಪ್ಪಿಸಿಕೊಳ್ಳಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದಾಗ ಮಾತ್ರ ಆ ನೆಪ ನಡೆಯಲ್ಲ. ನಮ್ಮ ಹುಡುಗನಿಗೆ ಹೋಗಿದ್ದು ಒಂದು ಬೆರಳು. ಅಂದ್ರೆ ವಾದ ಮಾಡೋಕೆ ಅವಕಾಶ ಇತ್ತು.

ಆದರೆ ಆ ಗಾರ್ಡ್ ನಾಲ್ಕು ತಿಂಗಳಿಂದ ಅಟ್ಟದ ಮೇಲಿತ್ತು. ಗಾರ್ಡ್ ಇದ್ದರೆ ಸಣ್ಣ ಪಟ್ಟಿ ಕೊಯ್ಯೋಕೆ ಆಗಲ್ಲ ಅಂತ ಮಿಸ್ತ್ರಿ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದ್ದ. ಆ ಫೋಟೋಗೆ ಹೆಬ್ಬೆರಳು ಎತ್ತಿದ ಗುರುತು ಹಾಕಿದ್ದು ನಾನು. ಹತ್ತು ವರ್ಷ ಬೇರೆಯವರ ಕೋಡಿನಲ್ಲಿ ಬಗ್ ಹುಡುಕಿ ಸಂಬಳ ತಗೊಂಡವನು ನಾನೇ ನೋಡಿ.

ಸೋಮವಾರ ಹುಡುಗನ ತಂದೆ ಊರಿಂದ ಬಂದ್ರು. ಜಗಳ ಆಡೋಕೆ ಬಂದಿದ್ದಾರೆ ಅಂತ ನಾನು ಹೆದರಿದ್ದೆ. ಆಸ್ಪತ್ರೆ ಕಾರಿಡಾರಿನಲ್ಲಿ ನಿಂತು, "ಬಟ್ಟ ಹೋತು, ಹೋತು ಬಿಡ್ರಿ ಸಾಹೇಬ್ರ. ನಾಳಿ ಇವಂಗ ಕೆಲಸ ಯಾರ ಕೊಡ್ತಾರ್ರೀ?" ಅಂದ್ರು. ನಾನು ಬ್ಯಾಗಿನಲ್ಲಿ ತಂದಿದ್ದ ಬಾಂಡ್ ಪೇಪರ್ ಹೊರಗೆ ತೆಗೀಲಿಲ್ಲ.

ತೆಗೆದಿದ್ದರೂ ಅದಕ್ಕೆ ಬೆಲೆ ಇರ್ತಿರಲಿಲ್ಲ ಅಂತ ಆಮೇಲೆ ವಕೀಲರು ಹೇಳಿದ್ರು. ಪರಿಹಾರದ ಹಕ್ಕನ್ನ ಬಿಟ್ಟುಕೊಡ್ತೀನಿ ಅಂತ ಕೆಲಸಗಾರ ಬರೆದುಕೊಟ್ಟರೆ ಆ ಮಟ್ಟಿಗೆ ಒಪ್ಪಂದವೇ ಅಸಿಂಧು. ಇಬ್ಬರೂ ಒಪ್ಪಿ ಮೊತ್ತ ತೀರ್ಮಾನ ಮಾಡಿದರೂ ಅದನ್ನ ಪರಿಹಾರ ಆಯುಕ್ತರ ಹತ್ತಿರ ನೋಂದಾಯಿಸಬೇಕು. ಮೊತ್ತ ಕಮ್ಮಿ ಅನ್ನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. ಸಾವು ಆದಾಗಲಂತೂ ಹಣವನ್ನ ಆಯುಕ್ತರ ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟಿದ್ದು, ಒಂದಿಷ್ಟು ಮುಂಗಡ ಬಿಟ್ಟರೆ, ಪರಿಹಾರ ಅಂತ ಲೆಕ್ಕಕ್ಕೆ ಬರಲ್ಲ. ಒಳ್ಳೆ ಮನಸ್ಸಿಂದ ಕೈಯಲ್ಲಿ ಕೊಟ್ಟು, ಎರಡನೇ ಸಲ ಕಟ್ಟಬೇಕಾಗಿ ಬಂದವರು ಇದ್ದಾರೆ.

ಈಗ ಲೆಕ್ಕಕ್ಕೆ ಬರೋಣ. ಎಕ್ಸೆಲ್ ತೆರೆದು ಕೂತವರು ಇದ್ದರೆ ಬರ್ಕೊಳ್ಳಿ. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ಸಂಬಳದ 60%, ಸಾವಿಗೆ 50%. ಅದನ್ನ ವಯಸ್ಸಿನ ಅಂಶದಿಂದ ಗುಣಿಸಬೇಕು. ಆ ಅಂಶ ಕಾಯ್ದೆಯ ಪಟ್ಟಿಯಲ್ಲೇ ಇದೆ: 25 ವರ್ಷಕ್ಕೆ 216.91, 40ಕ್ಕೆ 184.17. ವಯಸ್ಸು ಏರಿದಂತೆ ಇಳಿಯುತ್ತೆ. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಗರಿಷ್ಠ 15,000. 2020ರ ಜನವರಿಗೆ ಮುಂಚೆ ಅದು 8,000 ಇತ್ತು. ಯಾವ ಅಂಗಕ್ಕೆ ಎಷ್ಟು ಶೇಕಡಾ ಅನ್ನೋದಕ್ಕೂ ಪಟ್ಟಿ ಇದೆ. ಹೆಬ್ಬೆರಳು ಪೂರ್ತಿ ಹೋದರೆ 30, ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11. ಆ ಪಟ್ಟಿ ಮೊದಲ ಸಲ ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

15,000ದ 60% ಅಂದ್ರೆ 9,000. ಇಂಟು 216.91. ಅದರ 11%. ಒಟ್ಟು 2,14,741 ರೂಪಾಯಿ. ಇದು ಕಾನೂನು ಹೇಳೋ ಮೊತ್ತ. ವಿಮಾ ಕಂಪನಿಯವರು ಪಾಲಿಸಿಯಲ್ಲಿ ಬರೆದಿದ್ದ ಹತ್ತು ಸಾವಿರಕ್ಕೆ ಲೆಕ್ಕ ಹಾಕಿದ್ರು: 1,43,161. ಮಿಕ್ಕ 71,580 ನಾನು ಕಟ್ಟಿದೆ. ಅವರ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನನಗೆ ಕಾರಣ ಇರಲಿಲ್ಲ. ಹತ್ತು ಸಾವಿರ ಅಂತ ಬರೆದುಕೊಟ್ಟವನು ನಾನು.

ಅಷ್ಟಕ್ಕೇ ಮುಗೀಲಿಲ್ಲ. ಆಸ್ಪತ್ರೆ ಬಿಲ್ 48 ಸಾವಿರ ಆಗಿತ್ತು. ಚಿಕಿತ್ಸೆಯ ನಿಜವಾದ ಖರ್ಚನ್ನ ಮಾಲೀಕ ಭರಿಸಬೇಕು ಅಂತ ಕಾನೂನು ಹೇಳುತ್ತೆ. ಆದರೆ ಪಾಲಿಸಿಯಲ್ಲಿ ವೈದ್ಯಕೀಯ ಖರ್ಚು ಸಾಮಾನ್ಯವಾಗಿ ಬೇರೆ ಆ್ಯಡ್-ಆನ್, ಅದಕ್ಕೊಂದು ಮಿತಿ ಬೇರೆ. ನಾನು ತಗೊಂಡೇ ಇರಲಿಲ್ಲ. ಆಮೇಲೆ ಬಡ್ಡಿ. ಪರಿಹಾರ ಬಾಕಿಯಾಗಿ ಒಂದು ತಿಂಗಳಲ್ಲಿ ಕೊಡದಿದ್ದರೆ 12% ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಮೊತ್ತದ ಅರ್ಧದಷ್ಟರವರೆಗೆ ದಂಡ. ನನ್ನ ಪಾಲಿಸಿಯಲ್ಲಿ ಎರಡನ್ನೂ ಹೊರಗಿಟ್ಟಿದ್ರು, ನಿಮ್ಮದರಲ್ಲಿ ಏನಿದೆ ನೋಡ್ಕೊಳ್ಳಿ. ನಾನು ವಿಮಾ ಕಂಪನಿಗೆ ತಿಳಿಸಿದ್ದೇ ಹನ್ನೊಂದನೇ ದಿನ. ಆಸ್ಪತ್ರೆ ಗಡಿಬಿಡಿ ಮುಗೀಲಿ ಅಂತ ಕಾದೆ, ಅದು ದಡ್ಡತನ. ಅವತ್ತೇ ಒಂದು ಇಮೇಲ್ ಹಾಕಿದ್ದರೆ ಆಗ್ತಿತ್ತು. ಆಮೇಲೆ ಅವರು ಮಸ್ಟರ್ ಕೇಳಿದ್ರು, ವೇತನ ರಿಜಿಸ್ಟರ್ ಕೇಳಿದ್ರು. ಓವರ್‌ಟೈಮ್ ನಾನು ಕೈಯಲ್ಲಿ ನಗದು ಕೊಡ್ತಿದ್ದೆ, ವೋಚರ್ ಇಲ್ಲ. ಆ ದಾಖಲೆ ಹೊಂದಿಸೋಕೇ ಮೂರು ವಾರ ಹೋಯ್ತು.

ಈಗ ನಮ್ಮಲ್ಲಿ ಹದಿಮೂರು ಜನ ಇದ್ದಾರೆ. ಹತ್ತು ಜನ ಆದ ಮೇಲೆ ಇಎಸ್‌ಐ ಬರುತ್ತೆ. ಮಾಲೀಕನದು 3.25%, ಕೆಲಸಗಾರನದು 0.75%. ಇಎಸ್‌ಐ ಇದ್ದವರಿಗೆ ಪೆಟ್ಟಾದರೆ ಪರಿಹಾರವನ್ನ ಇಎಸ್‌ಐನವರೇ ಕೊಡ್ತಾರೆ, ಮಾಲೀಕನ ಮೇಲೆ ಬೇರೆ ಪರಿಹಾರದ ಕ್ಲೇಮ್ ಬರಲ್ಲ. ಹಾಗಂತ ಪಾಲಿಸಿ ನಿಲ್ಲಿಸಿಬಿಟ್ಟವರನ್ನ ನೋಡಿದ್ದೀನಿ. ಇಎಸ್‌ಐ ಸಂಬಳದ ಮಿತಿ 21,000. ನಮ್ಮ ಹಿರಿಯ ಮಿಸ್ತ್ರಿಗೆ 26,000. ಅವರು ಇಎಸ್‌ಐ ಒಳಗೆ ಬರಲ್ಲ, ಅವರಿಗೆ ಈ ಪಾಲಿಸಿ ಬೇಕೇ ಬೇಕು. ಶೆಡ್ಡಿನಲ್ಲಿ ಅತಿ ಹೆಚ್ಚು ಹೊತ್ತು ಮಷಿನ್ ಮುಂದೆ ನಿಲ್ಲೋದು ಅವರೇ.

ಇನ್ನು ಫಿಟ್ಟಿಂಗ್ ಮಾಡೋ ಗುತ್ತಿಗೆ ಹುಡುಗರು. ನಾವು ಕೆಲಸ ಒಪ್ಪಿಸಿದ ಕಾಂಟ್ರಾಕ್ಟರನ ಆಳಿಗೆ ಪೆಟ್ಟಾದರೂ ಅವನು ನಮ್ಮನ್ನೇ ಕೇಳಬಹುದು. ಕೊಟ್ಟಿದ್ದನ್ನ ಕಾಂಟ್ರಾಕ್ಟರಿಂದ ವಸೂಲಿ ಮಾಡ್ಕೊಳ್ಳೋದು ನಮ್ಮ ಪಾಡು. ಹಾಗಾಗಿ ಅವನ ಪಾಲಿಸಿಯ ಪ್ರತಿ ಇಲ್ಲದೆ ಈಗ ನಾನು ವರ್ಕ್ ಆರ್ಡರ್ ಕೊಡಲ್ಲ. ಇಲ್ಲದಿದ್ದರೆ ನನ್ನ ಪಾಲಿಸಿಯಲ್ಲೇ ಕಾಂಟ್ರಾಕ್ಟ್ ಕೆಲಸಗಾರರನ್ನ ಸೇರಿಸ್ತೀನಿ. ಅಂದಹಾಗೆ ಮನೆಗೆ ಕಾರ್ ಡ್ರೈವರ್ ಇಟ್ಕೊಂಡಿರೋರು ಕಾರಿನ ವಿಮೆ ತೆಗೆದು ನೋಡಿ. ಸಂಬಳದ ಡ್ರೈವರ್ ಹೊಣೆ ಅಂತ 50 ರೂಪಾಯಿಯ ಒಂದು ಸಾಲು ಇರುತ್ತೆ. ಬೇಡ ಅಂತ ಟಿಕ್ ತೆಗೆದಿದ್ದರೆ ಮತ್ತೆ ಹಾಕಿ.

2025ರ ನವೆಂಬರ್ 21ರಿಂದ 1923ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 60%, 50% ಲೆಕ್ಕ ಹಾಗೇ ಇದೆ. ಒಂದು ವಿಷಯ ಸ್ಪಷ್ಟವಾಗಿ ಸೇರಿದೆ: ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸ ಮುಗಿಸಿ ಹೋಗುವಾಗ ಆಗೋ ಅಪಘಾತಕ್ಕೂ, ಸಮಯ, ಜಾಗ, ಸಂದರ್ಭ ಕೆಲಸಕ್ಕೆ ಹೊಂದಿಕೊಂಡರೆ, ಹೊಣೆ ಬರುತ್ತೆ.

ಆ ಹುಡುಗ ಈಗ ನಮ್ಮಲ್ಲೇ ಇದ್ದಾನೆ. ಎಡ್ಜ್ ಬ್ಯಾಂಡಿಂಗ್ ಮತ್ತೆ ಸ್ಟೋರ್ ಅವನ ಕೈಯಲ್ಲಿ. ಗಾರ್ಡ್ ಅಟ್ಟದಿಂದ ಇಳಿದಿದೆ. ಪಟ್ಟಿ ಕೊಯ್ಯೋಕೆ ಪುಷ್ ಸ್ಟಿಕ್ ತಂದಿದ್ದೀವಿ, ಕೆಲಸ ಸ್ವಲ್ಪ ನಿಧಾನ. ಪ್ರತಿ ವರ್ಷ ರಿನ್ಯೂವಲ್ ತಿಂಗಳಲ್ಲಿ ಎಲ್ಲರನ್ನೂ ಕೂರಿಸಿ ಪಾಲಿಸಿಯ ಶೆಡ್ಯೂಲ್ ಓದಿ ಹೇಳ್ತೀನಿ, ಎಷ್ಟು ಜನ, ಯಾವ ಕೆಲಸ, ಎಷ್ಟು ಸಂಬಳ ಅಂತ. ಈ ಸಲ ಅವನೇ ಕೇಳಿದ: "ಸರ, ಬೈಕ್ ಮ್ಯಾಲ ಬರೂ ಮುಂದ ಬಿದ್ರ?" ಕಾನೂನು ಏನು ಹೇಳುತ್ತೆ ಅಂತ ಹೇಳಿದೆ. ನಮ್ಮ ಪಾಲಿಸಿ ಅದನ್ನ ಹೊರುತ್ತಾ ಅಂತ ವಿಮಾ ಕಂಪನಿಗೆ ಬರೆದು ಕೇಳಿದ್ದೀನಿ. ಲಿಖಿತ ಉತ್ತರ ಬರೋವರೆಗೂ ಚೆಕ್ ಕೊಡಲ್ಲ ಅಂತ ಏಜೆಂಟ್‌ಗೆ ಹೇಳಿಟ್ಟಿದ್ದೀನಿ. ಏಜೆಂಟ್ ಈಗ ಬೇರೆಯವರು.

ಸರಿ, ಪ್ರಶ್ನೆಗಳಿದ್ದರೆ ಕೇಳಿ.