ಫೀಸಿನ ಮಾತು ಬಾಯಿಬಿಟ್ಟು ಆಡಿ

ಜೂನ್ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಕೈ ಬಿಗಿಯಾಗುತ್ತದೆ. ನಾಗಮಂಗಲದ ಹೊಲಗಳಿಗೆ ರಾಗಿ ಬೀಜ, ಗೊಬ್ಬರ ತರಬೇಕು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆಬಯಲಿನವರು ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟು ಅಡಿ ಏರಿತು, ತುಂಬಿ 124.80 ಮುಟ್ಟುತ್ತದೋ ಇಲ್ಲವೋ ಅಂತ ದಿನಾ ಪೇಪರ್ ನೋಡುತ್ತ ಭತ್ತದ ಒಟ್ಟಲಿಗೆ ತಯಾರಾಗಬೇಕು. ಕೆ.ಆರ್. ಪೇಟೆಯವರಿಗೆ ಹೇಮಾವತಿ ನಾಲೆಯ ಚಿಂತೆ. ಕಬ್ಬು ನಿಂತಿದ್ದರೆ ಕಟಾವಿಗೆ ಪರ್ಮಿಟ್ ಬರಬೇಕು, ಕಡಿದು ಕಳಿಸಿದ ಮೇಲೆ ಕಾರ್ಖಾನೆಯಿಂದ ದುಡ್ಡು ಬರಬೇಕು. ರಾಗಿ ಕಣಕ್ಕೆ ಬರುವುದು ನವೆಂಬರ್, ಡಿಸೆಂಬರಿಗೆ. ಕಾಲೇಜಿನ ಫೀಸು ಮಾತ್ರ ಈಗಲೇ ಕಟ್ಟಬೇಕು.

ಈ ನಡುವಿನ ಆರು ತಿಂಗಳನ್ನು ದಾಟಿಸುವುದು ಕೈಸಾಲ, ಗಿರವಿ ಇಟ್ಟ ಓಲೆ, ಇಲ್ಲವೇ ಸಂಘದ ವಾರದ ಕಂತು. ಆ ಸಾಲದ ಮಾತನ್ನು ಅಪ್ಪ ಅವ್ವ ಮಲಗುವ ಹೊತ್ತಿಗೆ ತಗ್ಗಿದ ದನಿಯಲ್ಲಿ ಆಡುತ್ತಾರೆ, ಮಕ್ಕಳ ಕಿವಿಗೆ ಬೀಳಬಾರದು ಅಂತ. ನಿಮ್ಮ ಕಿವಿಗೆ ಅದು ಬಿದ್ದಿದೆ. ಬೆಳಗ್ಗೆ ಅದನ್ನು ಹೊತ್ತುಕೊಂಡೇ ನೀವು ಬಸ್ ಹತ್ತುತ್ತೀರಿ.

ಪಿಯುಸಿ, ಡಿಗ್ರಿ, ಐಟಿಐ, ಡಿಪ್ಲೊಮಾ ಓದುತ್ತಿರುವ ಈ ನಾಲ್ಕು ತಾಲ್ಲೂಕುಗಳ ತಮ್ಮಂದಿರೇ, ತಂಗಿಯರೇ, ಮೊದಲು ಇದನ್ನು ಕೇಳಿಸಿಕೊಳ್ಳಿ. ದುಡ್ಡಿನ ಚಿಂತೆಯಲ್ಲಿ ಕೂತಾಗ ಪಾಠ ತಲೆಗೆ ಹತ್ತದಿದ್ದರೆ ನೀವು ದಡ್ಡರಲ್ಲ. ಸಮಾಧಾನ ಮಾಡಲು ಇದನ್ನು ಹೇಳುತ್ತಿಲ್ಲ. ಕಬ್ಬು ಬೆಳೆಯುವವರ ನಡುವೆಯೇ ಅಳೆದು ನೋಡಿದ ಸಂಗತಿ ಇದು.

ಸಂಶೋಧಕರಾದ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಅವರ ಇಬ್ಬರು ಸಂಗಡಿಗರು ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರಿಗೆ ಗಮನ, ತರ್ಕಗಳನ್ನು ಅಳೆಯುವ ಚಿಕ್ಕ ಪರೀಕ್ಷೆಗಳನ್ನು ಕೊಟ್ಟರು. ಕಬ್ಬಿನವರನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಒಟ್ಟಿಗೆ ಬರುತ್ತದೆ. ಕಟಾವಿಗೆ ಮುಂಚೆ ಕೈ ಖಾಲಿ, ಆಮೇಲೆ ಒಂದಷ್ಟು ನೆಮ್ಮದಿ. ಕಟಾವಿಗೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಅದೇ ರೈತನನ್ನು ಪರೀಕ್ಷಿಸಿದಾಗ, ಕೈ ಖಾಲಿ ಇದ್ದಾಗ ಅವನಿಗೆ ಅಂಕ ಕಡಿಮೆ ಬಂತು. ಮನುಷ್ಯ ಅವನೇ, ತಲೆ ಅದೇ. ದುಡ್ಡಿನ ಚಿಂತೆ ತಲೆಯ ಮೇಲೆ ಹೇರುವ ಭಾರ ಒಂದು ರಾತ್ರಿಯಿಡೀ ನಿದ್ದೆಗೆಟ್ಟಾಗ ಆಗುವಷ್ಟಿರುತ್ತದೆ ಎಂದು ಅವರು ಲೆಕ್ಕ ಹಾಕಿದರು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಮಂಡ್ಯ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆದರೂ ಬಾಕಿಗಾಗಿ ನಮ್ಮ ರೈತರು ಎಷ್ಟು ಸಲ ರಸ್ತೆಯಲ್ಲಿ ಕೂತಿದ್ದಾರೆ! ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಿಂದ ಬಂದ ಕೆ.ಎಸ್. ಪುಟ್ಟಣ್ಣಯ್ಯನವರ ಆಯುಸ್ಸು ರೈತರ ಹೋರಾಟದಲ್ಲೇ ಸವೆಯಿತು. 2015ರಲ್ಲಿ ಸಾಲದ ಹೊರೆ ತಾಳಲಾರದೆ ಸತ್ತ ಮಂಡ್ಯದ ರೈತರ ಸುದ್ದಿ ಇಡೀ ರಾಜ್ಯವನ್ನು ನಡುಗಿಸಿತು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಬಾಗಿಲು ಹಾಕಿದಾಗ ಸಾವಿರಕ್ಕೂ ಹೆಚ್ಚು ಮಂದಿಗೆ, ಬಹುಪಾಲು ಹೆಂಗಸರಿಗೆ, ಕೆಲಸ ಹೋಯಿತು. ಇಂಥ ಸುದ್ದಿಗಳನ್ನು ನಾವು ರೈತರ ಪುಟದಲ್ಲಿ, ಕಾರ್ಮಿಕರ ಪುಟದಲ್ಲಿ ಓದುತ್ತೇವೆ. ಅವರ ಮಕ್ಕಳ ಅಂಕಪಟ್ಟಿಯಲ್ಲೂ ಅದೇ ಸುದ್ದಿ ಇರುತ್ತದೆ. ಅಲ್ಲಿ ಅದನ್ನು ಓದುವವರು ಕಡಿಮೆ.

ಕ್ಲಾಸಿನಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನಿಮಗೇ ಗೊತ್ತು. ಫೀಸು ಕಟ್ಟದವರ ಹೆಸರು ಓದುವ ದಿನ ಕಾಲೇಜಿಗೆ ಹೋಗುವುದಿಲ್ಲ. ಮಾರನೆಯ ದಿನ ಹೋದರೆ ಲೆಕ್ಚರರ್ ‘ಯಾಕೆ ಬರಲಿಲ್ಲ’ ಅನ್ನುತ್ತಾರೆ ಅಂತ ಅವತ್ತೂ ತಪ್ಪಿಸುತ್ತೀರಿ. ಹೀಗೇ ಹಾಜರಿ ಶೇ 75ಕ್ಕಿಂತ ಕೆಳಗಿಳಿಯುತ್ತದೆ. ಮದುವೆ ಸೀಸನ್ನಿನಲ್ಲಿ ರಾತ್ರಿ ಕೇಟರಿಂಗ್‌ಗೆ ಬಡಿಸಲು ಹೋದವನು ಬೆಳಗ್ಗೆ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಾನೆ. ಲ್ಯಾಬ್ ರೆಕಾರ್ಡ್ ತರಲು ಅವ್ವನ ಹತ್ತಿರ ದುಡ್ಡು ಕೇಳಲಾರದ ಹುಡುಗಿ ‘ಮರೆತು ಬಂದೆ’ ಅನ್ನುತ್ತಾಳೆ. ಲೆಕ್ಚರರ್ ಕಣ್ಣಿಗೆ ಒಬ್ಬ ಸೋಮಾರಿ, ಇನ್ನೊಬ್ಬಳು ಬೇಜವಾಬ್ದಾರಿ. ಇಬ್ಬರೂ ನಿಜ ಹೇಳುವುದಿಲ್ಲ. ಹೇಳಿದರೆ ಮನೆಯ ಮರ್ಯಾದೆ ಹೋಗುತ್ತದೆ ಅಂತ ಇಬ್ಬರೂ ನಂಬಿದ್ದಾರೆ.

ಈ ನಂಬಿಕೆಯನ್ನು ಮುರಿಯಿರಿ ಅಂತಲೇ ನಾನು ಇಷ್ಟೆಲ್ಲ ಬರೆಯುತ್ತಿರುವುದು.

ಬಡತನದಲ್ಲಿ ಓದಿ ಮೇಲೆ ಬಂದವರ ಕಥೆಗಳನ್ನು ವೇದಿಕೆಗಳ ಮೇಲೆ ನಿಮಗೆ ಬೇಕಾದಷ್ಟು ಹೇಳಿದ್ದಾರೆ. ಗೌರಿಬಿದನೂರು ಕಡೆಯ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದು ಹೈಸ್ಕೂಲು ಸೇರಿದ ಎಚ್. ನರಸಿಂಹಯ್ಯ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನಮ್ಮ ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ವಾರಾನ್ನ ಉಂಡು ಓದಿದರು, ನಡುವೆ ಓದು ಬಿಟ್ಟು ಮುಂಬೈಯಲ್ಲಿ ಕೂಲಿಯಾಗಿ ಹೊರೆ ಹೊತ್ತರು, ಮರಳಿ ಬಂದು ಮೈಸೂರು ವಿಶ್ವವಿದ್ಯಾಲಯದ ಚಿನ್ನದ ಪದಕ ಪಡೆದರು. ಈ ಕಥೆಗಳಿಂದ ಛಲವೊಂದನ್ನೇ ಹೆಕ್ಕಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ವಾರಾನ್ನದ ಹುಡುಗ ದಿನಕ್ಕೊಂದು ಮನೆಯ ಬಾಗಿಲಿಗೆ ಹೋಗಿ, ನನಗೆ ಊಟಕ್ಕಿಲ್ಲ, ಓದಬೇಕು ಅಂತ ಕೇಳಿದ್ದ. ಕೇಳಿದ್ದಕ್ಕೆ ಯಾರೋ ಎಲೆ ಹಾಕಿದರು. ನರಸಿಂಹಯ್ಯನವರಿಗೆ ಬೆಂಗಳೂರಿನ ಬಡ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಕೇಳದೆ, ಹೇಳದೆ ಊರು ಬಿಟ್ಟವರು, ನಡುವೆ ಪುಸ್ತಕ ಮುಚ್ಚಿಟ್ಟವರು ಅದೇ ಕಾಲದಲ್ಲಿ ಎಷ್ಟು ಜನ ಇದ್ದರೋ! ಅವರ ಕಥೆ ಯಾವ ವೇದಿಕೆಗೂ ಬರುವುದಿಲ್ಲ.

ನೀವು ಕೇಳಬೇಕಾದದ್ದು ಭಿಕ್ಷೆಯಲ್ಲ, ನಿಮ್ಮ ಹೆಸರಿಗೆ ಇರುವ ದುಡ್ಡು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ, ವಸತಿಗೆಂದು ವಿದ್ಯಾಸಿರಿ ಶುರುವಾದದ್ದು ತಿಂಗಳಿಗೆ 1,500 ರೂಪಾಯಿಯಂತೆ, 10 ತಿಂಗಳಿಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಸರ್ಕಾರಿ ಶಾಲೆ ಕಾಲೇಜಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಆದರೆ ಅರ್ಜಿ ಹಾಕಿ ‘ನನಗೆ ಬರಲಿಲ್ಲ’ ಅಂತ ಕೈಬಿಟ್ಟವರನ್ನು ನಾನು ಕೇಳಬೇಕು: ಎಲ್ಲಿ ನಿಂತಿತು ಅಂತ ನೋಡಿದಿರಾ? ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಹಾಕಿದ ಅರ್ಜಿ ಹಲವು ಕಡೆ ಸಿಕ್ಕಿಕೊಳ್ಳಬಹುದು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿ ಇರಬೇಕು. ಆದಾಯ ಪತ್ರದ ಅವಧಿ ಮುಗಿದಿರಬಾರದು. ಆಧಾರ್‌ನಲ್ಲಿರುವ ಹೆಸರೂ ಮಾರ್ಕ್ಸ್ ಕಾರ್ಡಿನ ಹೆಸರೂ ಒಂದೇ ಇರಬೇಕು. ಒಂದರಲ್ಲಿ ಇನಿಷಿಯಲ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ತೊಡಕು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು, ಪಾಸ್‌ಬುಕ್ಕಿನಲ್ಲಿ ಆಧಾರ್ ನಂಬರ್ ಬರೆಸಿದರೆ ಅಷ್ಟಕ್ಕೇ ಆಗದು. ಕಾಲೇಜಿನವರೂ ದೃಢೀಕರಿಸಬೇಕು. ಇವೆಲ್ಲ ಒಂದು ಬಿಡುವಿನ ದಿನ, ಒಬ್ಬ ತಿಳಿದವರು ಜೊತೆಗಿದ್ದರೆ ಆಗುವ ಕೆಲಸ.

ಅದಕ್ಕೇ ಕೊನೆಯ ವರ್ಷದಲ್ಲಿರುವವರಿಗೆ ಒಂದು ಬೇಡಿಕೆ. ಈ ದಾರಿಯ ಮುಳ್ಳುಗಳನ್ನು ನೀವು ತುಳಿದು ಬಂದವರು. ನಿಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ, ಅರ್ಜಿ ಕರೆದ ತಿಂಗಳಲ್ಲಿ, ಬಿಡುವಿದ್ದ ದಿನ ಇಬ್ಬರು ಮೂವರು ಕೂತುಕೊಳ್ಳಿ. ಕಿಕ್ಕೇರಿಯಲ್ಲಿ, ಬೆಳ್ಳೂರಿನಲ್ಲಿ, ಅರಕೆರೆಯಲ್ಲಿ, ಮೇಲುಕೋಟೆಯಲ್ಲಿ ನೀವು ಕೂತಿದ್ದೀರಿ ಅಂತ ಸುದ್ದಿಯಾದರೆ ಊರಿನ ಮೊದಲ ವರ್ಷದ ಮಕ್ಕಳು ತಾವಾಗಿಯೇ ಬರುತ್ತಾರೆ. ಅವರ ಫಾರಂ ತುಂಬಿಸಿ, ಹಾಗೇ ಮನೆಯ ಕಷ್ಟವನ್ನೂ ಕೇಳಿಸಿಕೊಳ್ಳಿ. ಗೆಳೆಯನಿಗೆ ಹೇಳಲು ನಾಚುವುದನ್ನು ಅಣ್ಣನಂಥವನಿಗೆ, ಅಕ್ಕನಂಥವಳಿಗೆ ಹೇಳುತ್ತಾರೆ. ಯಾರಾದರೂ ಬದುಕೇ ಬೇಡ ಎಂಬ ಮಾತು ಆಡಿದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್‌ನ 14416ಕ್ಕೆ ನೀವೇ ಫೋನ್ ಹಚ್ಚಿಕೊಡಿ. ಅಲ್ಲಿ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಕಾನೂನಿನ ಬಲವೂ ನಿಮಗಿದೆ ಎಂಬುದನ್ನು ಮನೆಯಲ್ಲಿ ನೀವೇ ಓದಿ ಹೇಳಬೇಕು. ಸಾಲ ಕೊಟ್ಟವರು ಮನೆ ಬಾಗಿಲಲ್ಲಿ ನಿಂತು ಬೆದರಿಸಿದರೆ, 2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನಿನ ಪ್ರಕಾರ ಅಂಥ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಕಾಲೇಜುಗಳು ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ. ಫೋನಿನಲ್ಲಿ ಐದೇ ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಕಡೆಗೆ ಮಾತ್ರ ತಿರುಗಿಯೂ ನೋಡಬೇಡಿ.

ಅಪ್ಪಂದಿರಿಗೂ ಒಂದು ಮಾತು. ಮಗಳ ಓದಿಗೆ ಎಷ್ಟು ದುಡ್ಡಿದೆ, ಎಷ್ಟಿಲ್ಲ ಅನ್ನುವುದನ್ನು ಅವಳಿಗೆ ನೇರವಾಗಿ ಹೇಳಿಬಿಡಿ. ತಿಳಿದ ಕಷ್ಟಕ್ಕೆ ಅವಳು ದಾರಿ ಹುಡುಕುತ್ತಾಳೆ. ಗೋಡೆಯಾಚೆಯಿಂದ ಅರ್ಧ ಕೇಳಿಸಿದ ಕಷ್ಟ ಅವಳ ರಾತ್ರಿಗಳನ್ನು ತಿನ್ನುತ್ತದೆ.

ಇನ್ನು, ಈಗಾಗಲೇ ಓದು ಬಿಟ್ಟವರು. ಕೆ.ಆರ್. ಪೇಟೆ ಕಡೆಯಿಂದ ಮುಂಬೈಗೆ ದುಡಿಯಲು ಹೋಗುವ ದಾರಿ ಹಳೆಯದು, ಬೆಂಗಳೂರಿನ ದಾರಿ ಅದಕ್ಕಿಂತ ಹತ್ತಿರ. ಮನೆಗೆ ಆಸರೆಯಾಗಲು ಹೋದ ನಿಮ್ಮ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಓದಿನ ಬಾಗಿಲು ನಿಮಗೆ ಮುಚ್ಚಿಹೋಗಿಲ್ಲ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಹೋದ ವಿಷಯವನ್ನು ಅದೇ ವರ್ಷ ಮತ್ತೆ ಬರೆಯಬಹುದು. ಡಿಗ್ರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ, ಕೆಲಸದಲ್ಲಿದ್ದುಕೊಂಡೇ ಓದಬಹುದು. ಅಲ್ಲಿ ಜುಲೈ ಆವೃತ್ತಿ ತಪ್ಪಿದರೆ ಜನವರಿಯದ್ದು ಇರುತ್ತದೆ. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಹಳೆಯ ಮಾರ್ಕ್ಸ್ ಕಾರ್ಡು, ಟಿ.ಸಿ. ಎರಡನ್ನೂ ಹುಡುಕಿ ಬ್ಯಾಗಿಗೆ ಹಾಕಿಕೊಂಡೇ ಹೊರಡಿ. ಅರ್ಜಿಯ ಜೊತೆಗೆ ಅವು ಬೇಕಾಗುತ್ತವೆ.