ಮನೆಶಾಲೆಯ ಮಕ್ಕಳಿಗೆ ಎಂಥ ಇತಿಹಾಸ?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದಕ್ಕೆ ಅಮೆರಿಕದ 50 ರಾಜ್ಯಗಳಲ್ಲೂ ಕಾನೂನಿನ ಮಾನ್ಯತೆ ಇದೆ. ಆ ದೇಶದ ಶಿಕ್ಷಣ ಇಲಾಖೆಯ ಅಂದಾಜಿನಂತೆ 1999ರಲ್ಲಿ ಹೀಗೆ ಕಲಿಯುತ್ತಿದ್ದ ಮಕ್ಕಳು ಸುಮಾರು 8.5 ಲಕ್ಷ, 2016ರ ಹೊತ್ತಿಗೆ ಸುಮಾರು 17 ಲಕ್ಷ. ಕೋವಿಡ್ ಬಂದ ವರ್ಷ ಜನಗಣತಿ ಇಲಾಖೆಯ ಸಮೀಕ್ಷೆಯಲ್ಲಿ ಮನೆಶಾಲೆ ನಡೆಸುವ ಕುಟುಂಬಗಳ ಪ್ರಮಾಣ ಕೆಲವೇ ತಿಂಗಳಲ್ಲಿ ಶೇ. 5.4ರಿಂದ ಶೇ. 11.1ಕ್ಕೆ ಏರಿತು. ಕಪ್ಪು ಜನರ ಕುಟುಂಬಗಳಲ್ಲಂತೂ ಶೇ. 3.3 ಇದ್ದದ್ದು ಶೇ. 16.1 ಆಯಿತು. ಗಣಿತಕ್ಕೋ ವ್ಯಾಕರಣಕ್ಕೋ ಪುಸ್ತಕ ಆರಿಸುವುದು ಇಂಥ ಕುಟುಂಬಗಳಿಗೆ ದೊಡ್ಡ ತಲೆನೋವಲ್ಲ. ತೊಡಕು ಶುರುವಾಗುವುದು ಇತಿಹಾಸದ ಸರದಿ ಬಂದಾಗ. ಮನೆಶಾಲೆಗೆಂದೇ ಸಿದ್ಧವಾದ ಇತಿಹಾಸ ಪಠ್ಯಗಳಲ್ಲಿ ದೊಡ್ಡ ಪಾಲು ಕ್ರೈಸ್ತ ನಂಬಿಕೆಯ ಚೌಕಟ್ಟಿನೊಳಗೆ ಬರೆದಂಥವು.

ಇದಕ್ಕೆ ಕಾರಣ ಮನೆಶಾಲೆ ಚಳವಳಿಯ ಹುಟ್ಟಿನಲ್ಲೇ ಇದೆ. ಶಾಲೆಯ ಶಿಸ್ತು ಮಗುವಿನ ಕುತೂಹಲವನ್ನು ಕುಂದಿಸುತ್ತದೆ ಎಂದು ವಾದಿಸಿದ ಶಿಕ್ಷಕ ಜಾನ್ ಹೋಲ್ಟ್ 1977ರಲ್ಲಿ ‘ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್’ ಪತ್ರಿಕೆ ಆರಂಭಿಸಿದರು. ಅವರ ಬಳಗಕ್ಕೆ ಸಿದ್ಧ ಪಠ್ಯವೇ ಬೇಡವಾಗಿತ್ತು. 1980ರ ದಶಕದಲ್ಲಿ ಬೇರೆಯೇ ಕಾರಣಕ್ಕೆ ಮನೆಶಾಲೆಯತ್ತ ತಿರುಗಿದ ಇವ್ಯಾಂಜೆಲಿಕಲ್ ಕ್ರೈಸ್ತ ಕುಟುಂಬಗಳಿಗೆ ಪಠ್ಯ ಬೇಕಿತ್ತು. ಕ್ರೈಸ್ತ ಖಾಸಗಿ ಶಾಲೆಗಳಿಗಾಗಿ ಅದಕ್ಕೂ ಹತ್ತು ವರ್ಷ ಮೊದಲೇ ಪುಸ್ತಕ ಅಚ್ಚು ಹಾಕತೊಡಗಿದ್ದ ಅಬೇಕಾ, ಬಾಬ್ ಜೋನ್ಸ್ ಯೂನಿವರ್ಸಿಟಿ ಪ್ರೆಸ್‌ಗಳಂಥ ಪ್ರಕಾಶನಗಳು ಆ ಬೇಡಿಕೆಯನ್ನು ತುಂಬಿದವು. ಬೇಡವೆಂದವರು ಮಾರುಕಟ್ಟೆ ಕಟ್ಟಲಿಲ್ಲ, ಬೇಕೆಂದವರು ಕಟ್ಟಿದರು. ಮತನಿರಪೇಕ್ಷ ಪಠ್ಯಗಳು ತಡವಾಗಿ ಬಂದದ್ದು ಹೀಗೆ.

ಕಾನೂನು ಈ ಆಯ್ಕೆಯಲ್ಲಿ ಹೆಚ್ಚೇನೂ ನೆರವಾಗದು. ಟೆಕ್ಸಾಸ್‌ನಲ್ಲಿ ಮನೆಶಾಲೆ ಕಲಿಸಲೇಬೇಕಾದ ವಿಷಯಗಳ ಪಟ್ಟಿಯಲ್ಲಿ ‘ಉತ್ತಮ ಪೌರತ್ವ’ ಉಂಟು, ಇತಿಹಾಸದ ಹೆಸರಿಲ್ಲ. ನ್ಯೂಯಾರ್ಕ್‌ನಲ್ಲಿ ಪ್ರತಿ ವರ್ಷ ಬೋಧನಾ ಯೋಜನೆ ಸಲ್ಲಿಸಬೇಕು, ದೇಶದ ಮತ್ತು ರಾಜ್ಯದ ಇತಿಹಾಸ ಕಲಿಸಬೇಕು. ಆದರೆ ಯಾವ ಪುಸ್ತಕ ಎಂಬುದು ಮನೆಯವರ ಇಷ್ಟ. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಚಾರ್ಟರ್ ಶಾಲೆಗಳ ಮೂಲಕ ಮನೆಪಾಠ ನಡೆಸುವವರು ಆ ಶಾಲೆಯ ಹಣದಲ್ಲಿ ಮತಪ್ರಚಾರದ ಪಠ್ಯ ಕೊಳ್ಳುವಂತಿಲ್ಲ. ಹಣ ಕೈಯಿಂದ ಹಾಕಿದರೆ ಆ ಪ್ರಶ್ನೆಯೂ ಏಳುವುದಿಲ್ಲ.

ಮತನಿರಪೇಕ್ಷ ಇತಿಹಾಸವೆಂದರೆ ಮತಧರ್ಮಗಳನ್ನು ಬಿಟ್ಟು ಬರೆದ ಇತಿಹಾಸವಲ್ಲ. ಇಸ್ಲಾಂ ಬಿಟ್ಟು ಬಾಗ್ದಾದಿನ ಕಥೆ ಹೇಳಲಾಗದು. ಚರ್ಚನ್ನು ಬಿಟ್ಟು ಮಧ್ಯಯುಗದ ಯುರೋಪನ್ನಾಗಲಿ, ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನಾಗಲಿ ಅರ್ಥಮಾಡಿಸಲಾಗದು. ಮತದ ವಿಷಯವನ್ನೇ ಎತ್ತದ ಪುಸ್ತಕ ಪುಕ್ಕಲು ಪುಸ್ತಕ, ಅಷ್ಟೆ. ಜನ ಏನನ್ನು ನಂಬಿದ್ದರು ಎಂಬುದನ್ನೂ ಏನು ನಡೆಯಿತು ಎಂಬುದನ್ನೂ ಪುಸ್ತಕ ಬೇರೆ ಬೇರೆಯಾಗಿ ಇಡುತ್ತದೆಯೇ, ಎಲ್ಲ ಮತಗಳ ಆಧಾರಗಳನ್ನೂ ಒಂದೇ ಒರೆಗಲ್ಲಿಗೆ ಹಚ್ಚುತ್ತದೆಯೇ ಎಂಬುದೇ ಪರೀಕ್ಷೆ. ರಕ್ಷಾಪುಟದ ಮೇಲಿನ ‘ಸೆಕ್ಯುಲರ್’ ಮುದ್ರೆ ಇದಕ್ಕೆ ಉತ್ತರ ಹೇಳುವುದಿಲ್ಲ. ಕೆಲವು ಅಧ್ಯಾಯಗಳನ್ನು ತೆರೆದೇ ನೋಡಬೇಕು.

ಮೊದಲು ತೆರೆಯಬೇಕಾದದ್ದು ಆರಂಭದ ಅಧ್ಯಾಯ. ಸೂಸನ್ ವೈಸ್ ಬಾವರ್ ಅವರ ನಾಲ್ಕು ಸಂಪುಟಗಳ ‘ದಿ ಸ್ಟೋರಿ ಆಫ್ ದಿ ವರ್ಲ್ಡ್’ ಕ್ರೈಸ್ತ, ಮತನಿರಪೇಕ್ಷ ಎರಡೂ ಬಗೆಯ ಮನೆಗಳಲ್ಲಿ ಓದುವ ಕೃತಿ. ಗಟ್ಟಿಯಾಗಿ ಓದಿಹೇಳಲು ಅದರಷ್ಟು ಹಿತವಾದದ್ದು ಕಡಿಮೆ. ಅದು ಶುರುವಾಗುವುದು ಸುಮಾರು ಏಳು ಸಾವಿರ ವರ್ಷಗಳ ಹಿಂದಿನ ಅಲೆಮಾರಿಗಳಿಂದ. ಮಾನವ ವಿಕಾಸ, ಆಫ್ರಿಕಾದಿಂದ ಹೊರಟ ವಲಸೆ, ಹಿಮಯುಗ ಯಾವುದೂ ಬರುವುದಿಲ್ಲ. ಭೂಮಿಗೆ ಆರು ಸಾವಿರ ವರ್ಷವೆನ್ನುವ ಮನೆಗೂ 450 ಕೋಟಿ ವರ್ಷವೆನ್ನುವ ಮನೆಗೂ ಮುಜುಗರವಾಗದ ಆರಂಭ ಅದು.

ಅದೇ ಸಂಪುಟದಲ್ಲಿ ಅಬ್ರಹಾಮ, ಯೋಸೇಫರ ಕಥೆಗಳು ಫರೋಗಳ ಇತಿಹಾಸದ ಪಕ್ಕದಲ್ಲೇ, ಅದೇ ದನಿಯಲ್ಲಿ ಬರುತ್ತವೆ. ಇಲ್ಲಿ ಪಾಲಕರು ಪುಟ ಹರಿದುಹಾಕಬೇಕಿಲ್ಲ. ಪುರಾವೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಬೈಬಲಿನ ಹೊರಗೆ ‘ಇಸ್ರೇಲ್’ ಎಂಬ ಹೆಸರು ಮೊದಲು ಕಾಣುವುದು ಕ್ರಿ.ಪೂ. 1208ರ ಸುಮಾರಿನ ಮೆರ್ನೆಪ್ತಾ ಶಾಸನದಲ್ಲಿ. ಅದನ್ನು 1896ರಲ್ಲಿ ಥೀಬ್ಸ್‌ನಲ್ಲಿ ಪತ್ತೆಹಚ್ಚಿದವರು ಫ್ಲಿಂಡರ್ಸ್ ಪೆಟ್ರಿ. ಮೋಶೆ ಜನರನ್ನು ಕರೆದುಕೊಂಡು ಹೊರಟ ಘಟನೆಗೆ ಈಜಿಪ್ಟಿನ ದಾಖಲೆಗಳಲ್ಲಿ ಆಧಾರವಿಲ್ಲ. ಆದರೆ ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ಸೆನ್ನಾಚೆರಿಬ್ ಯೂದಾಯದ ಮೇಲೆ ದಂಡೆತ್ತಿ ಬಂದದ್ದು ಬೈಬಲಿನಲ್ಲೂ ಇದೆ, ಅವನದೇ ಲಿಖಿತದಲ್ಲೂ ಇದೆ. ಲಾಖೀಷ್ ಮುತ್ತಿಗೆಯ ಉಬ್ಬುಚಿತ್ರಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಒಂದೇ ಗ್ರಂಥದ ಒಂದು ಸಂಗತಿಗೆ ಸಾಕ್ಷಿ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ. ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ.

ಎರಡನೆಯದು ಅಮೆರಿಕದ ಸ್ಥಾಪನೆಯ ಅಧ್ಯಾಯ. ಅದು ಕ್ರೈಸ್ತ ರಾಷ್ಟ್ರವಾಗಿ ಹುಟ್ಟಿತೆಂಬ ವಾದ ಹಲವು ಪಠ್ಯಗಳಲ್ಲಿ ನುಸುಳುತ್ತದೆ. ಈ ವಾದದ ಜನಪ್ರಿಯ ಲೇಖಕ ಡೇವಿಡ್ ಬಾರ್ಟನ್, ದೇಶದ ಸ್ಥಾಪಕರಲ್ಲೊಬ್ಬರಾದ ಥಾಮಸ್ ಜೆಫರ್ಸನ್ ಕುರಿತು ಬರೆದ ಪುಸ್ತಕವನ್ನು 2012ರಲ್ಲಿ ಅದರ ಕ್ರೈಸ್ತ ಪ್ರಕಾಶಕರೇ ಹಿಂತೆಗೆದುಕೊಂಡರು. ಸಂವಿಧಾನದಲ್ಲಿ ದೇವರ ಪ್ರಸ್ತಾಪವಿಲ್ಲ, ಕೊನೆಯಲ್ಲಿ ತಾರೀಕು ಬರೆಯುವ ಅಂದಿನ ರೂಢಿಯ ಮಾತೊಂದನ್ನು ಬಿಟ್ಟರೆ. ಸರ್ಕಾರಿ ಹುದ್ದೆಗೆ ಮತದ ಪರೀಕ್ಷೆ ಕೂಡದೆಂದು ಅದರ ಆರನೆಯ ವಿಧಿ ಹೇಳುತ್ತದೆ. ಅಮೆರಿಕದ ಸರ್ಕಾರ ಕ್ರೈಸ್ತ ಮತದ ಮೇಲೆ ನಿಂತದ್ದಲ್ಲವೆಂದು ಹೇಳುವ ಟ್ರಿಪೋಲಿ ಒಪ್ಪಂದವನ್ನು ಸೆನೆಟ್ 1797ರಲ್ಲಿ ಸರ್ವಾನುಮತದಿಂದ ಅಂಗೀಕರಿಸಿತು. ಇಷ್ಟಕ್ಕೇ ನಿಲ್ಲಿಸುವ ಪುಸ್ತಕವೂ ಅರ್ಧ ಕಥೆಯನ್ನೇ ಹೇಳಿದಂತೆ. ಸ್ವಾತಂತ್ರ್ಯ ಘೋಷಣೆಯಲ್ಲಿ ಸೃಷ್ಟಿಕರ್ತನ ಹೆಸರಿದೆ. ಮಸಾಚುಸೆಟ್ಸ್ ರಾಜ್ಯ ತನ್ನ ಅಧಿಕೃತ ಚರ್ಚನ್ನು 1833ರವರೆಗೂ ಕೈಬಿಡಲಿಲ್ಲ.

ಗುಲಾಮಗಿರಿಯ ಅಧ್ಯಾಯದಲ್ಲಿ ಮತ ಎರಡೂ ಪಕ್ಷದಲ್ಲಿ ನಿಂತಿದೆ. ಗುಲಾಮರ ಒಡೆಯರನ್ನು ಮಿಷನರಿಗಳಾಗಿ ಕಳಿಸಬಹುದೇ ಎಂಬ ಜಗಳದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಬೇರೆಯಾದದ್ದು 1845ರಲ್ಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ತಮ್ಮ ಆತ್ಮಕಥೆ ಪ್ರಕಟಿಸಿ, ಕ್ರಿಸ್ತನ ಧರ್ಮ ಬೇರೆ, ಒಡೆಯರ ಧರ್ಮ ಬೇರೆ ಎಂದು ವಾದಿಸಿದ್ದೂ ಅದೇ ವರ್ಷ. ಅಂತರ್ಯುದ್ಧ ‘ರಾಜ್ಯಗಳ ಹಕ್ಕಿಗಾಗಿ’ ನಡೆಯಿತೆನ್ನುವ ಪಠ್ಯವನ್ನು ಪಕ್ಕಕ್ಕಿಟ್ಟು, 1861ರ ಜನವರಿಯಲ್ಲಿ ಒಕ್ಕೂಟ ಬಿಟ್ಟು ಹೊರಟಾಗ ಮಿಸಿಸಿಪ್ಪಿ ಹೊರಡಿಸಿದ ಘೋಷಣೆಯನ್ನು ಮಗುವಿನ ಕೈಗೆ ಕೊಟ್ಟರೆ ಸಾಕು. ಕಾರಣ ಗುಲಾಮಗಿರಿಯೇ ಎಂದು ಅದು ಮರೆಮಾಚದೆ ಹೇಳುತ್ತದೆ.

ಪುಕ್ಕಟೆ ಸಿಗುವ ಹಳೆಯ ಪುಸ್ತಕಗಳ ಬಗ್ಗೆ ಒಂದು ಮಾತು. ಶಿಕ್ಷಣತಜ್ಞೆ ಷಾರ್ಲಟ್ ಮೇಸನ್ ಅವರ ‘ಜೀವಂತ ಪುಸ್ತಕ’ಗಳ, ಅಂದರೆ ಒಣ ಪಠ್ಯದ ಬದಲು ಕಥೆಯಂತೆ ಓದಿಸುವ ಕೃತಿಗಳ, ಕಲ್ಪನೆಯನ್ನು ಮೆಚ್ಚುವ ಮನೆಗಳು ಹಕ್ಕುಸ್ವಾಮ್ಯ ಮುಗಿದ ಕೃತಿಗಳತ್ತ ವಾಲುವುದು ಸಹಜ. 1922ರ ಮೊದಲ ನ್ಯೂಬೆರಿ ಪದಕ ಪಡೆದ ವಾನ್ ಲೂನ್‌ರ ‘ದಿ ಸ್ಟೋರಿ ಆಫ್ ಮ್ಯಾನ್‌ಕೈಂಡ್’, ಎಚ್. ಇ. ಮಾರ್ಷಲ್‌ರ 1905ರ ‘ಅವರ್ ಐಲ್ಯಾಂಡ್ ಸ್ಟೋರಿ’ ಇಂಥವು. ಗದ್ಯ ಸೊಗಸು, ವಸಾಹತುಗಳ ಜನರನ್ನು ನೋಡುವ ಕಣ್ಣು ಮಾತ್ರ ಆ ಕಾಲದ್ದೇ. ಇವನ್ನು ಓದಿಸುವುದಾದರೆ ಇಪ್ಪತ್ತನೆಯ ಶತಮಾನದ ಆರಂಭದ ದಾಖಲೆಗಳೆಂದು ಓದಿಸಬೇಕು, ಪಠ್ಯವೆಂದಲ್ಲ. ಗೊಂಬ್ರಿಕ್ 1930ರ ದಶಕದಲ್ಲಿ ವಿಯೆನ್ನಾದಲ್ಲಿ ಮಕ್ಕಳಿಗಾಗಿ ಬರೆದ ಜಗತ್ತಿನ ಕಿರು ಇತಿಹಾಸದ ಕಥೆ ಬೇರೆ. ನಾಜಿಗಳು ನಿಷೇಧಿಸಿದ ಆ ಕೃತಿಗೆ ಲೇಖಕರು ಮುಪ್ಪಿನಲ್ಲಿ ಹೊಸ ಕೊನೆಯ ಅಧ್ಯಾಯ ಬರೆದು, ತಮ್ಮ ಹಳೆಯ ಮಾತುಗಳನ್ನು ತಾವೇ ತಿದ್ದಿಕೊಂಡರು.

ಮತದ ಪ್ರಭಾವ ಇಲ್ಲವೆಂದ ಮಾತ್ರಕ್ಕೆ ಪುಸ್ತಕ ಪೂರ್ವಗ್ರಹ ಕಳಚಿಕೊಂಡಿತೆಂದಲ್ಲ. ಹೊವಾರ್ಡ್ ಝಿನ್ ಅವರ 1980ರ ‘ಎ ಪೀಪಲ್ಸ್ ಹಿಸ್ಟರಿ’ ಕೆಳಗಿನಿಂದ ನೋಡಿದ ಇತಿಹಾಸ. ಆದರೆ ಅದು ಅನುಮಾನಕ್ಕೆ ಎಡೆಗೊಡದ ಗದ್ಯವೆಂದು ಇತಿಹಾಸ ಬೋಧನೆಯ ವಿದ್ವಾಂಸ ಸ್ಯಾಮ್ ವೈನ್‌ಬರ್ಗ್ ಆಕ್ಷೇಪಿಸಿದ್ದಾರೆ. ಅತ್ತ 2021ರ ಜನವರಿ 18ರಂದು ಶ್ವೇತಭವನ ಹೊರಡಿಸಿದ ‘1776 ವರದಿ’ ದೇಶಭಕ್ತಿಯ ಇತಿಹಾಸ ಬಯಸಿತು. ಎರಡು ದಿನದ ಬಳಿಕ ಅಧ್ಯಕ್ಷರು ಬದಲಾದರು, ವರದಿಯನ್ನು ಸಿದ್ಧಪಡಿಸಿದ ಆಯೋಗವೂ ರದ್ದಾಯಿತು. ಜಾಯ್ ಹಕೀಮ್‌ರ ‘ಎ ಹಿಸ್ಟರಿ ಆಫ್ ಅಸ್’ ಮಾಲೆ ಇವೆರಡರ ನಡುವೆ ಬಾಳುವ ಆಯ್ಕೆ. ವೈನ್‌ಬರ್ಗ್ ಸ್ಟ್ಯಾನ್‌ಫರ್ಡ್‌ನಲ್ಲಿ ಕಟ್ಟಿದ ತಂಡದ ‘ರೀಡಿಂಗ್ ಲೈಕ್ ಎ ಹಿಸ್ಟೋರಿಯನ್’ ಪಾಠಗಳು ಉಚಿತ. ಅವು ಕಥೆ ಹೇಳುವುದಿಲ್ಲ, ಮೂಲ ದಾಖಲೆ ಕೊಟ್ಟು ಕೇಳುತ್ತವೆ: ಬರೆದವರು ಯಾರು, ಯಾವಾಗ, ಯಾರಿಗಾಗಿ, ಬೇರೆ ಸಾಕ್ಷಿ ಒಪ್ಪುತ್ತದೆಯೇ? ಚಿಕ್ಕವರಿಗೆ ಕಥೆಯ ಪುಸ್ತಕ, ಹನ್ನೆರಡು ದಾಟಿದವರಿಗೆ ಈ ಬಗೆಯ ದಾಖಲೆಗಳು ಎಂಬ ಜೋಡಣೆ ಯಾವುದೇ ದುಬಾರಿ ಸಿದ್ಧ ಪೆಟ್ಟಿಗೆಗಿಂತ ಮೇಲು.

ಭಾರತದ ಅಧ್ಯಾಯ ಈ ಪುಸ್ತಕಗಳಲ್ಲಿ ತೀರ ತೆಳು. ಸಿಂಧೂ ನಾಗರಿಕತೆ, ಬುದ್ಧ, ಅಶೋಕ ಆದ ಮೇಲೆ ಮೊಘಲರು, ಆಮೇಲೆ ಗಾಂಧಿ. ದಕ್ಷಿಣ ಭಾರತ ಇರುವುದೇ ಅಪರೂಪ. ಇದನ್ನು ತುಂಬುವ ಯತ್ನಗಳು ಜಗಳಕ್ಕೆ ತಿರುಗಿವೆ. ಕ್ಯಾಲಿಫೋರ್ನಿಯಾದ ಶಾಲಾಪಠ್ಯಗಳಲ್ಲಿ ಪ್ರಾಚೀನ ಭಾರತ, ಜಾತಿ, ಹಿಂದೂ ಧರ್ಮ ಹೇಗೆ ಬರಬೇಕೆಂದು 2005–06ರಲ್ಲಿ ಹಿಂದೂ ಸಂಘಟನೆಗಳಿಗೂ ಮೈಕೆಲ್ ವಿಟ್ಜೆಲ್‌ರಂಥ ವಿದ್ವಾಂಸರಿಗೂ ನಡೆದ ವಾದ 2016ರಲ್ಲಿ ಮತ್ತೆ ಎದ್ದಿತು. ಮನೆಶಾಲೆಯಲ್ಲಿ ಪಠ್ಯ ತೀರ್ಮಾನಿಸುವ ಮಂಡಳಿಯಿಲ್ಲ. ತೀರ್ಪು ಕೊಡುವವರು ತಂದೆ ತಾಯಿ. ಬೈಬಲಿನ ಅಧ್ಯಾಯಕ್ಕೆ ಪುರಾವೆ ಕೇಳುವ ಕನ್ನಡಿಗ ಮನೆ ತನ್ನ ಪುರಾಣಕ್ಕೂ ಅದೇ ಪ್ರಶ್ನೆ ಕೇಳದಿದ್ದರೆ ಅಲ್ಲಿ ನಡೆಯುವುದು ಮತನಿರಪೇಕ್ಷ ಪಾಠವಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲೇ ಹೇರಳವಾಗಿದೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನ ಇತರ ಶಾಸನಗಳ ‘ದೇವಾನಾಂಪ್ರಿಯ’ನೇ ಅಶೋಕನೆಂದು ಖಚಿತಪಡಿಸಿತು. ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನ ಇನ್ನೂ ಉಪಯುಕ್ತ. ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗಿದೆ ಎಂದು ಜೈನರು ದೂರು ಕೊಟ್ಟಾಗ ರಾಜ ಅವರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ ಎರಡು ದರ್ಶನಗಳಿಗೂ ಭೇದವಿಲ್ಲವೆಂದ. ಪಂಚಮಹಾವಾದ್ಯದ ಹಕ್ಕು ಜೈನರಿಗೆ ಉಳಿಯಿತು. ಬೆಳಗೊಳದ ದೇವರಿಗೆ 20 ಕಾವಲಿನಾಳುಗಳನ್ನಿಡಲು ಜೈನರ ಮನೆಗಳಿಂದ ಹಣ ಎತ್ತುವ ಏರ್ಪಾಡಾಯಿತು. ಶಾಸನ ಶುರುವಾಗುವುದು ರಾಮಾನುಜರ ಸ್ತುತಿಯಿಂದ. ಇದನ್ನು ಬರೀ ಸೌಹಾರ್ದದ ಕಥೆಯಾಗಿಸಿದರೆ ಮೊದಲು ಜಗಳವಾಗಿತ್ತೆಂಬುದು ಮರೆಯಾಗುತ್ತದೆ. ಬರೀ ಜಗಳವಾಗಿಸಿದರೆ ರಾಜಿ ಮರೆಯಾಗುತ್ತದೆ. ಕಾವಲು ಏಕೆ ಬೇಕಾಯಿತು, ಅದರ ಖರ್ಚು ಯಾರ ಮೇಲೆ ಬಿತ್ತು ಎಂದು ಮಗು ಕೇಳಿದರೆ ಅದು ಇತಿಹಾಸ ಕಲಿಯುತ್ತಿದೆ ಎಂದರ್ಥ.

ಬಿ. ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಇಂಥ ಸಾವಿರಾರು ಶಾಸನಗಳಿವೆ. ಅವುಗಳಿಂದಲೂ ಬೇರೆಡೆಯಿಂದಲೂ ನಲವತ್ತೋ ಐವತ್ತೋ ಆರಿಸಿ, ಮಸ್ಕಿ, ಹಲ್ಮಿಡಿಗಳಿಂದ ವಿಜಯನಗರದವರೆಗೆ, ಮೂಲಪಾಠ, ಹೊಸಗನ್ನಡ, ಇಂಗ್ಲಿಷ್ ಮೂರರಲ್ಲೂ, ಉತ್ತರ ಕೊಡದೆ ಪ್ರಶ್ನೆಗಳನ್ನಷ್ಟೇ ಜೋಡಿಸಿ, ಹನ್ನೆರಡರ ಮಗು ಓದಬಲ್ಲ ಸಂಕಲನವೊಂದನ್ನು ಸಿದ್ಧಪಡಿಸುವ ಕೆಲಸವನ್ನು ಶಾಸನತಜ್ಞರೂ ಶಿಕ್ಷಕರೂ ಸೇರಿ ಕೈಗೆತ್ತಿಕೊಳ್ಳಬೇಕು.