ವಿಶ್ರಾಂತಿವೇತನದ ಋಣ



ಶಹಾಪುರದ ಬಳಿಯ ಶಿರವಾಳವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಅಂಥ ಊರಿನಲ್ಲಿ ಹೈದರಾಬಾದ್ ಸರ್ಕಾರವು ನೇಮಿಸಿದ್ದ ಉಪಾಧ್ಯಾಯನ ವಿಶ್ರಾಂತಿವೇತನದ ಗತಿಯೇನು? ಮಾತು ಕೊಟ್ಟ ರಾಜ್ಯವೇ ಅಳಿದಿತ್ತು. ಕೇಂದ್ರದ ಪೂರ್ವಾನುಮತಿಯಿಲ್ಲದೆ ಆತನ ಸೇವಾನಿಯಮಗಳನ್ನು ಆತನಿಗೆ ನಷ್ಟವಾಗುವಂತೆ ಬದಲಿಸಕೂಡದೆಂದು ರಾಜ್ಯ ಪುನರ್ವಿಂಗಡಣಾ ಶಾಸನವು ವಿಧಿಸಿತು. ಸರ್ಕಾರ ಬದಲಾದರೂ ಋಣ ಉಳಿಯಿತು.

ಆದರೆ ಆ ಋಣಕ್ಕೆಂದು ನಿಧಿಯಿರಲಿಲ್ಲ. ಆಯಾ ವರ್ಷದ ಆದಾಯದಿಂದಲೇ ತೀರಬೇಕು. ಮೈಸೂರು ಸಂಸ್ಥಾನವಾದರೋ 1891ರಲ್ಲಿಯೇ ನೌಕರರ ಜೀವವಿಮೆಯನ್ನೇರ್ಪಡಿಸಿ, ಕಂತು ಹಿಡಿದು ಕೂಡಿಡುವ ಮಾರ್ಗವನ್ನು ತೋರಿತ್ತು. ವಿಶ್ರಾಂತಿವೇತನಕ್ಕೆ ಆ ಬುದ್ಧಿ ಬಂದುದು ತಡವಾಗಿ, ಅದೂ ಅರ್ಧ: 2006ರ ಏಪ್ರಿಲ್ 1ರ ಏರ್ಪಾಟಿನಲ್ಲಿ ನಿಧಿಯುಂಟು, ನಿಶ್ಚಿತ ಮೊತ್ತದ ಭರವಸೆಯಿಲ್ಲ. ಪೇಟೆಯ ಏರಿಳಿತವನ್ನು ನೌಕರನ ಮುಪ್ಪಿಗೆ ಹೊರಿಸಿದ್ದು ನನಗೆ ಸರಿಗಾಣದು. ಕೂಡಿಟ್ಟದ್ದು ಸಾಲದಾದರೆ ಕೊರತೆಯನ್ನು ಸರ್ಕಾರವೇ ತುಂಬುವಂತೆ ಶಾಸನವಾಗಬೇಕು.